‘ಪಾರ್ ಫಾರ್ ದ ಕೋರ್ಸ್’ ಅಂದರೆ ‘ಇದ್ದದ್ದೇ ಬಿಡಿ’

ರೈಲು ಎರಡು ಗಂಟೆ ತಡ ಅಂತ ನೀವು ಹೇಳಿದಾಗ ಸಹೋದ್ಯೋಗಿ ‘ದಟ್ಸ್ ಪಾರ್ ಫಾರ್ ದ ಕೋರ್ಸ್’ ಅಂದರು, ಅದು ಯಾವ ಕೋರ್ಸ್, ನನಗೇ ಏನಾದರೂ ಅಂದರಾ ಅಂತ ಕೇಳಿದ್ದೀರಿ. ನಿಮಗೆ ಏನೂ ಅಂದಿಲ್ಲ. ‘ಇದೇನು ಹೊಸದಾ, ಯಾವಾಗಲೂ ಇದ್ದದ್ದೇ’ ಅಂತ ರೈಲಿನ ಬಗ್ಗೆ ಹೇಳಿದ್ದಾರೆ ಅಷ್ಟೆ.

ಕಾಲೇಜಿನ ಕೋರ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ಗಾಲ್ಫ್ ಆಡುವ ಮೈದಾನ. ಅಲ್ಲಿ ಒಂದೊಂದು ಹೋಲ್‌ಗೂ, ಅಂದರೆ ಚೆಂಡು ಬೀಳಿಸಬೇಕಾದ ಗುಂಡಿಗೂ, ಚೆನ್ನಾಗಿ ಆಡುವವರಿಗೆ ಇಷ್ಟು ಹೊಡೆತ ಬೇಕಾಗುತ್ತದೆ ಅಂತ ಒಂದು ಲೆಕ್ಕ ಇರುತ್ತದೆ, ಸಾಮಾನ್ಯವಾಗಿ 3, 4 ಇಲ್ಲವೇ 5. ಅದೇ ಪಾರ್. 18 ಹೋಲ್‌ಗಳದ್ದನ್ನೂ ಕೂಡಿಸಿದರೆ ಇಡೀ ಮೈದಾನದ ಪಾರ್ ಸಿಗುತ್ತದೆ. ಬಹಳ ಕಡೆ ಅದು 72. ಆಟಗಾರ ಸರಿಯಾಗಿ 72 ಹೊಡೆತಕ್ಕೆ ಮುಗಿಸಿದರೆ ಅಂದುಕೊಂಡ ಹಾಗೇ ಆಯ್ತು ಅಂತ ಅರ್ಥ. ಮಾತಿಗೆ ಬಂದದ್ದು ಆ ‘ಅಂದುಕೊಂಡ ಹಾಗೇ’ ಅನ್ನುವ ಭಾಗ. (ಗಾಲ್ಫಿಗೆ ಈ ಪದ ಬಂದದ್ದು ಷೇರುಪೇಟೆಯಿಂದ. ಷೇರಿನ ಮುಖಬೆಲೆಗೆ ಈಗಲೂ ಪಾರ್ ವ್ಯಾಲ್ಯೂ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ‘ಪಾರ್’ ಅಂದರೆ ಸಮ.)

ಅರ್ಥ ಸುಲಭ, ಧಾಟಿ ಹಿಡಿಯುವುದೇ ಕಷ್ಟ. ಗಾಲ್ಫಿನಲ್ಲಿ ಪಾರ್ ಒಳ್ಳೆಯ ಆಟ. ಆದರೆ ದಿನದ ಮಾತಿನಲ್ಲಿ ಇದನ್ನು ಜಾಸ್ತಿ ಬಳಸುವುದು ಬೇಸರದ ವಿಷಯಕ್ಕೆ. ಮೀಟಿಂಗ್ ತಡವಾಯ್ತು, ರಿಪೇರಿಯವನು ಹೇಳಿದ ದಿನ ಬರಲಿಲ್ಲ, ಮಳೆ ಬಂತು ಕರೆಂಟ್ ಹೋಯ್ತು, ಇಂಥದ್ದಕ್ಕೆ. ನಾವು ‘ಮಾಮೂಲಿ’ ಅಂತ ಕೈ ಆಡಿಸುತ್ತೇವಲ್ವಾ, ಅದೇ ಭಾವ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದು ತಿಳಿದಿರಲಿಲ್ಲ. ಜೊತೆಯಲ್ಲಿದ್ದ ಒಬ್ಬರು ತುಂಬಾ ಚೆನ್ನಾಗಿ ವರದಿ ಬರೆದಿದ್ದರು. ‘ನಿಮ್ಮ ಕೆಲಸ ಯಾವಾಗಲೂ ಹೀಗೇ ಚೆಂದ’ ಅನ್ನುವ ಅರ್ಥದಲ್ಲಿ ಈ ಮಾತನ್ನೇ ಮೇಲ್‌ನಲ್ಲಿ ಬರೆದೆ. ‘ಎಲ್ಲಿ ತಪ್ಪಾಗಿದೆ ಹೇಳಿ, ತಿದ್ದಿ ಕೊಡುತ್ತೇನೆ’ ಅಂತ ಅವರು ಫೋನ್ ಮಾಡಿದರು. ಅವರ ದನಿ ಕೇಳಿ ನನಗೆ ನಿಜವಾಗಿಯೂ ನೋವಾಯ್ತು. ಅದಕ್ಕೇ ಹೇಳುತ್ತೇನೆ, ಯಾರನ್ನಾದರೂ ಹೊಗಳಬೇಕಿದ್ದರೆ ಇದನ್ನು ಬಳಸಬೇಡಿ. ಕಷ್ಟದಲ್ಲಿರುವವರ ಮುಂದೆಯೂ ಬೇಡ. ‘ನಿನ್ನ ಪಾಡು ಇಷ್ಟೇ’ ಅಂದ ಹಾಗೆ ಕೇಳಿಸುತ್ತದೆ.

ಇದರ ನಂಟಿನ ‘ಬಿಲೋ ಪಾರ್’ ಕೂಡ ನಿಮಗೆ ಸಿಗಬಹುದು. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು, ಹಾಗಾಗಿ ಪಾರ್‌ಗಿಂತ ಕೆಳಗೆ ಬಂದವನು ಚೆನ್ನಾಗಿ ಆಡಿದವನು. ಆದರೆ ‘ಐ ಫೀಲ್ ಬಿಲೋ ಪಾರ್’ ಅಂತ ಯಾರಾದರೂ ಅಂದರೆ ಅವರಿಗೆ ಮೈ ಸರಿಯಿಲ್ಲ ಅಂತ. ಆಗ ಖುಷಿ ತೋರಿಸಬೇಡಿ, ಏನಾಯ್ತು ಅಂತ ವಿಚಾರಿಸಿ.