ಓದುಗರ ಪ್ರಶ್ನೆ: ಉತ್ತರದ ಕಾಡಿನಲ್ಲಿ ಕಲ್ಲುಹೂವಿನ ಎಣಿಕೆ

ಪ್ರಶ್ನೆ: ಸ್ವೀಡನ್ನಿನ ಉಮಿಯೋದಲ್ಲಿ ಓದುತ್ತಿದ್ದೇನೆ. ಹಳೆಯ ಸ್ಪ್ರೂಸ್ (ಸೂಜಿಯೆಲೆಯ ಮರ) ಕಾಡಿನ ಲೈಕೆನ್ ವೈವಿಧ್ಯವನ್ನು, ಕಡಿದು ಮತ್ತೆ ಬೆಳೆಸಿದ ಕಾಡಿನದರ ಜೊತೆ ಹೋಲಿಸಬೇಕಿದೆ. ಎರಡೂ ಕಡೆ ಒಳ್ಳೆಯ ಮರಗಳನ್ನು ಹುಡುಕಿ ಪಟ್ಟಿ ಮಾಡಿದರೆ ಸಾಕೇ?

ಉತ್ತರ: ಸಾಲದು. ಲೈಕೆನ್ ಎಂದರೆ ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗವೇ. ಎಲ್ಲಿ ದಟ್ಟವಾಗಿದೆಯೋ ಕಣ್ಣು ಅಲ್ಲಿಗೇ ಹೋಗುತ್ತದೆ. ಎರಡೂ ಕಡೆ ಚೆನ್ನಾಗಿರುವ ಮರವನ್ನೇ ಆರಿಸಿದರೆ ಬಡ ಕಾಡೂ ಸಿರಿವಂತವಾಗಿ ಕಾಣುತ್ತದೆ. ಎಣಿಕೆ ಬೇರೆ, ಹುಡುಕಾಟ ಬೇರೆ. ಎರಡನ್ನೂ ಮಾಡಿ, ಆದರೆ ಬೆರೆಸಬೇಡಿ.

ಎಣಿಕೆಗೆ ಯುರೋಪಿನ ಮಾನಕ ಇಎನ್ 16413 ಇದೆ. ಗಾಳಿಯ ಗುಣಮಟ್ಟ ಅಳೆಯಲೆಂದು 2014ರಲ್ಲಿ ಬಂದದ್ದಾದರೂ ಅದರ ಚೌಕಟ್ಟು ನಿಮಗೆ ಒದಗುತ್ತದೆ. ಕಾಡಿಗೆ ಹೋಗುವ ಮೊದಲೇ ನಕ್ಷೆಯ ಮೇಲೆ ಬಿಂದುಗಳನ್ನು ಯಾದೃಚ್ಛಿಕವಾಗಿ ಗುರುತಿಸಿ. ಬಿಂದುವಿಗೆ ಅತಿ ಹತ್ತಿರದ, ನೆಟ್ಟಗಿರುವ, ಗೊತ್ತುಮಾಡಿಕೊಂಡ ಜಾತಿಯ ಮರ ಯಾವುದೋ ಅದೇ ನಿಮ್ಮ ಮರ, ಬೋಳಾಗಿದ್ದರೂ ಅದೇ. 10 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಪಟ್ಟಿಯನ್ನು ದಾರದಿಂದ ಐದು ಚೌಕ ಮಾಡಿ, ಕೆಳಅಂಚು ನೆಲದಿಂದ 1 ಮೀಟರಿಗೆ ಬರುವಂತೆ ಕಾಂಡಕ್ಕೆ ಹಿಡಿಯಿರಿ. ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ, ಹೀಗೆ ನಾಲ್ಕು ಕಡೆ. ಒಂದು ಪ್ರಭೇದ ಐದರಲ್ಲಿ ಎಷ್ಟು ಚೌಕದಲ್ಲಿದೆ ಎಂದಷ್ಟೇ ಬರೆಯಿರಿ. ಹೀಗೆ ಒಂದು ಮರದಲ್ಲಿ ಪ್ರಭೇದವೊಂದಕ್ಕೆ ಗರಿಷ್ಠ 20. ಗುರುತು ಸಿಗದ್ದನ್ನು ಬಿಟ್ಟುಬಿಡದೆ "ಬೂದು ಹಿಟ್ಟು 1" ಎಂದಾದರೂ ಬರೆದು, ಚೂರು ತೊಗಟೆಯೊಂದಿಗೆ ಮಾದರಿ ಇಡಿ. ಬಿಟ್ಟರೆ ಅದೇ ಪ್ರಭೇದ ಮುಂದಿನ ಮರದಲ್ಲಿ ಸಿಕ್ಕಾಗ ಲೆಕ್ಕ ತಪ್ಪುತ್ತದೆ.

ಈ ಚೌಕಟ್ಟಿಗೆ ಒಂದು ದೊಡ್ಡ ಕೊರತೆಯಿದೆ. ಸ್ಪ್ರೂಸ್‌ನಲ್ಲಿ ಜೋತುಬೀಳುವ ಲೈಕೆನ್ ಎಳೆಗಳು ಹೆಚ್ಚಾಗಿರುವುದು ಕೊಂಬೆಗಳಲ್ಲಿ. ಕಾಂಡ ನೋಡಿ ಹಿಂತಿರುಗಿದರೆ ಆ ಕಾಡಿನ ನಿಜವಾದ ಸಂಪತ್ತೇ ತಪ್ಪಿಹೋಗುತ್ತದೆ. ಹುಡುಕಾಟ ಬೇಕಾಗುವುದು ಅದಕ್ಕೇ: ಪ್ರತಿ ತಾಣದಲ್ಲೂ ಒಂದೇ ಅವಧಿ, ಅರ್ಧ ಗಂಟೆಯೆಂದರೆ ಎಲ್ಲೆಡೆ ಅರ್ಧ ಗಂಟೆ, ಅದೂ ಅದೇ ವ್ಯಕ್ತಿ. ಕೈಗೆಟುಕುವ ಕೊಂಬೆ, ಬಂಡೆ, ನಿಂತೇ ಒಣಗಿದ ಮರ, ಎಲ್ಲವನ್ನೂ ನೋಡಿ. ಗಾಳಿಗೆ ಬಿದ್ದ ಟಿಸಿಲುಗಳಲ್ಲಿ ಮೇಲಿನ ಲೈಕೆನ್‌ಗಳು ಸಿಗುತ್ತವೆ. ಅವನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಹಳೆಯ ಸ್ಪ್ರೂಸ್‌ನ ಮಳೆ ತಾಗದ ತೊಗಟೆಯ ಬಿರುಕಿನಲ್ಲಿ ಗುಂಡುಸೂಜಿಯಂಥ, ಮಿಲಿಮೀಟರ್ ಎತ್ತರದ ಕ್ಯಾಲಿಸಿಯಂ (Calicium) ಎಂಬ ಲೈಕೆನ್ ಬಳಗವಿರುತ್ತದೆ. 10 ಪಟ್ಟಿನ ಭೂತಗನ್ನಡಿ ಹಿಡಿದು, ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಡಿ. ನೇರ ಬೆಳಕಿನಲ್ಲಿ ಕಾಣುವುದಿಲ್ಲ.

ಆಸ್ಪೆನ್ ಮರ ಕಂಡರೆ ತಪ್ಪದೆ ನಿಲ್ಲಿ. ಸ್ಪ್ರೂಸ್, ಪೈನ್‌ಗಳ ತೊಗಟೆ ಆಮ್ಲೀಯ, ಆಸ್ಪೆನ್‌ನದು ಅಷ್ಟಿಲ್ಲ. ಲೊಬೇರಿಯ ಪಲ್ಮೊನೇರಿಯ ಎಂಬ ಲೈಕೆನ್ ಅಲ್ಲಿನ ಕಾಡುಗಳಲ್ಲಿ ಇಂಥ ಅಗಲೆಲೆ ಮರಗಳನ್ನೇ ನೆಚ್ಚಿಕೊಂಡಿದೆ. ಮಳೆಯಲ್ಲಿ ಅದು ಕಡುಹಸಿರು, ಒಣಗಿದಾಗ ಮಾಸಲು ಕಂದು: ನೆನೆದ ಹೊರಪದರ ಪಾರದರ್ಶಕವಾಗಿ ಒಳಗಿನ ಹಸಿರು ಪಾಚಿ ಕಾಣಿಸುತ್ತದೆ. ಒಂದು ತಾಣವನ್ನು ಮಳೆಯಲ್ಲೂ ಇನ್ನೊಂದನ್ನು ಬಿಸಿಲಲ್ಲೂ ನೋಡಿದರೆ ಎಣಿಕೆ ಓರೆಯಾಗುತ್ತದೆ, ಏಕೆಂದರೆ ನೆನೆದದ್ದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಕೊಂಬೆಯಿಂದ ಜೋತುಬಿದ್ದ ಎಳೆಗಳೆಲ್ಲ ಒಂದೇ ಥರ ಕಾಣುತ್ತವೆ. ಸ್ಥಳದಲ್ಲೇ ಬೇರೆಮಾಡುವುದು ಹೇಗೆ?

ಉತ್ತರ: ಕಂದು ಅಥವಾ ಕಪ್ಪಾದದ್ದು ಹೆಚ್ಚಾಗಿ ಬ್ರಯೋರಿಯ. ಹಳದಿ-ಹಸಿರಿನದು ಅಲೆಕ್ಟೋರಿಯ ಇರಬಹುದು, ಉಸ್ನಿಯ ಇರಬಹುದು. ಒಂದು ಎಳೆಯನ್ನು ನೀರಿನಲ್ಲಿ ನೆನೆಸಿ, ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಸಿಪ್ಪೆ ಬಿರಿದು ಒಳಗಿನಿಂದ ಬಿಳಿಯ ದಾರ ಹಿಗ್ಗಿ ಬಂದರೆ ಉಸ್ನಿಯ. ದಾರವಿಲ್ಲದೆ ತುಂಡಾದರೆ ಅಲ್ಲ. ಒಣ ಎಳೆಯನ್ನು ಎಳೆದರೆ ಉಸ್ನಿಯವೂ ಪಟ್ಟನೆ ಮುರಿಯುತ್ತದೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ.

ಪ್ರಶ್ನೆ: ಬಣ್ಣ ಬದಲಾಗುವ ರಾಸಾಯನಿಕ ಪರೀಕ್ಷೆ ಒಮ್ಮೆ ಫಲ ಕೊಡುತ್ತದೆ, ಒಮ್ಮೆ ಇಲ್ಲ. ಏಕೆ?

ಉತ್ತರ: ಫಿನ್ಲೆಂಡಿನ ವಿಲಿಯಂ ನೈಲಾಂಡರ್ 1866ರಲ್ಲಿ ಬಳಕೆಗೆ ತಂದ ಪರೀಕ್ಷೆ ಇದು. ಕೆ ಎಂದರೆ ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಸಿ ಎಂದರೆ ಬಟ್ಟೆಯ ಬ್ಲೀಚು, ಅದೂ ಸುವಾಸನೆ ಸೇರಿಸದ್ದು. ಫಲ ಕೊಡದಿರಲು ಸಾಮಾನ್ಯ ಕಾರಣ ಹಳೆಯ ಬ್ಲೀಚು. ಬೆಳಕಿಗೆ ಅದರ ಕಸುವು ಹೋಗುತ್ತದೆ. ದಿನವೂ ಮೊದಲು ಗೊತ್ತಿರುವ ಲೈಕೆನ್ ಮೇಲೆ ಹಾಕಿ ನೋಡಿ. ಉಂಬಿಲಿಕೇರಿಯದ ಒಳಪದರ ಸಿ ತಾಗಿದರೆ ಕೆಂಪಾಗಬೇಕು. ಕಿತ್ತಳೆ ಬಣ್ಣದ ಕ್ಸಾಂಥೋರಿಯ ಕೆ ತಾಗಿದರೆ ನೇರಳೆಗೆಂಪಾಗಬೇಕು. ಎರಡನೆಯ ಕಾರಣ, ಒಳಪದರವನ್ನು ಪರೀಕ್ಷಿಸಬೇಕಾದಲ್ಲಿ ಹೊರಪದರದ ಮೇಲೇ ಹನಿ ಬಿಡುವುದು. ಬ್ಲೇಡಿನಿಂದ ಮೇಲ್ಪದರ ಕೆರೆದು, ಬಿಳಿಯ ಒಳಪದರಕ್ಕೆ ಸೂಜಿಮೊನೆಯಷ್ಟು ತಾಗಿಸಿ. ಪಾರ್ಮೀಲಿಯ ಸಲ್ಕೇಟದಲ್ಲಿ ಕೆ ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗುತ್ತದೆ. ಹಳದಿ ಕಂಡೊಡನೆ ಬರೆದುಕೊಂಡರೆ ಗುರುತು ತಪ್ಪುತ್ತದೆ. ಒಂದು ನಿಮಿಷ ಕಾಯಿರಿ. ನೆನೆದ ಮಾದರಿಯಲ್ಲಿ ಹನಿ ಹರಡಿ ಬಣ್ಣ ತೆಳುವಾಗುವುದರಿಂದ ಒಣಗಿಸಿಯೇ ಪರೀಕ್ಷಿಸಿ.

ಮಾದರಿಗಳನ್ನು ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿಯುತ್ತದೆ. ಮರದ ಜಾತಿ, ದಿಕ್ಕು, ಎತ್ತರ, ತಾರೀಖನ್ನು ಪೆನ್ಸಿಲ್‌ನಲ್ಲಿ ಅಲ್ಲೇ ಬರೆಯಿರಿ. ಸಂರಕ್ಷಿತ ಕಾಡಾದರೆ ಅನುಮತಿ ಮೊದಲು. ಅಪರೂಪದ್ದು ಎಂಬ ಸಂದೇಹ ಬಂದರೆ ಕೀಳದೆ, ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ.