ಡಾಕ್ಟರ್ ಹತ್ರ ಕೇಳಿ: ಹೃದಯದ ಸ್ಕ್ಯಾನ್ ಓದುವವರ ಜೊತೆ

(ಈ ಸಲ ಉತ್ತರಿಸುತ್ತಿರುವವರು ಕರಾವಳಿಯ ಮೆಡಿಕಲ್ ಕಾಲೇಜೊಂದರಲ್ಲಿ ರೇಡಿಯಾಲಜಿ ಪ್ರೊಫೆಸರ್. ಹೃದಯದ ಸಿಟಿ, ಎಂಆರ್‌ಐ ಓದುವುದು ಮತ್ತು ಕಲಿಸುವುದು ಅವರ ಕೆಲಸ.)

ಪ್ರಶ್ನೆ: ಮೇಡಂ, ನಾನು ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡ್ತಿದ್ದೀನಿ. ರೇಡಿಯಾಲಜಿ ತಗೊಂಡು ಹೃದಯದ ಕಡೆ ಹೋಗಬೇಕು ಅಂತ ಆಸೆ. ದೊಡ್ಡಪ್ಪ ಬೇಡ ಅಂತಾರೆ. 'ಕತ್ತಲೆ ಕೋಣೇಲಿ ಕೂತು ರಿಪೋರ್ಟ್ ಬರೆಯೋಕೆ ಡಾಕ್ಟರ್ ಯಾಕಾಗ್ಬೇಕು? ನಾಳೆ ಕಂಪ್ಯೂಟರೇ ಬರೆಯುತ್ತೆ' ಅನ್ನೋದು ಅವರ ಮಾತು. ಕಾಲೇಜಿನಲ್ಲಿ ಪಾಠ ಮಾಡ್ತಾ ಈ ಕೆಲಸ ಮಾಡೋದು ಹೇಗಿರುತ್ತೆ?
— ಇಂಟರ್ನ್, ದಾವಣಗೆರೆ

ಉತ್ತರ: ಕತ್ತಲೆ ಕೋಣೆ ನಿಜ. ಪರದೆ ಚೆನ್ನಾಗಿ ಕಾಣಲಿ ಅಂತ ದೀಪ ಮಂದ ಮಾಡಿಕೊಳ್ಳುತ್ತೇವೆ. ಆದರೆ ನನ್ನ ದಿನ ಶುರುವಾಗುವುದು ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನಲ್ಲಿ. ಸಿಟಿ ಆಂಜಿಯೋಗೆ, ಅಂದರೆ ಇಂಜೆಕ್ಷನ್ ಕೊಟ್ಟು ಹೃದಯದ ರಕ್ತನಾಳ ನೋಡುವ ಸ್ಕ್ಯಾನಿಗೆ, ಬಂದವರ ಪಕ್ಕ ಕೂತು ನಾಡಿ ಹಿಡಿಯುತ್ತೇನೆ. ಹೃದಯದ ರಕ್ತನಾಳ ಬುಡದಲ್ಲೇ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಅದೂ ಕುಣಿಯುತ್ತಲೇ ಇರುತ್ತದೆ. ಎರಡು ಬಡಿತಗಳ ನಡುವೆ ಹೃದಯ ಒಂಚೂರು ಸುಮ್ಮನಾಗುತ್ತದಲ್ಲ, ಇಸಿಜಿ ನೋಡಿಕೊಂಡು ಮಷೀನು ಆ ಹೊತ್ತಿನ ಚಿತ್ರವನ್ನೇ ಹಿಡಿಯುತ್ತದೆ. ಬಡಿತ ನಿಮಿಷಕ್ಕೆ 60ರ ಆಸುಪಾಸು ಇದ್ದರೆ ಬಿಡುವು ಜಾಸ್ತಿ. 90 ಇದ್ದರೆ ಚಿತ್ರ ಕಲಸಿಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ಕುಂದಾಪುರದ ಕಡೆಯ ಅಜ್ಜಿಯೊಬ್ಬರು ಬಂದಿದ್ದರು. ಬಡಿತ ಇಳಿಸುವ ಮೆಟೊಪ್ರೊಲಾಲ್ ಮಾತ್ರೆ ಕೊಟ್ಟು ಒಂದು ಗಂಟೆ ಆಗಿತ್ತು. ಆದರೂ ಬಡಿತ 92. ಕೈ ಹಿಡಿದು ಕೂತೆ. ಬಿಸಿಲಿನಲ್ಲಿ ಕೆಲಸ ಮಾಡಿ ಬಿರುಕು ಬಿಟ್ಟ ಅಂಗೈ, ಬೆವರಿ ತಣ್ಣಗಾಗಿತ್ತು. 'ಏನಾಯ್ತು ಅಮ್ಮಾ?' ಅಂದೆ. ಮನೆಯಲ್ಲಿ ದನ ಕರು ಹಾಕುವ ಹಾಗಿದೆ, ನೋಡುವವರು ಯಾರೂ ಇಲ್ಲ ಅಂದರು. ಅವರ ಮಗನ ಫೋನಿನಿಂದ ಪಕ್ಕದ ಮನೆಗೆ ಕರೆ ಮಾಡಿಸಿದೆವು. ಹಟ್ಟಿಯಲ್ಲಿ ಆಗಲೇ ಕರು ಎದ್ದು ನಿಂತಿತ್ತು! ಇಪ್ಪತ್ತು ನಿಮಿಷದಲ್ಲಿ ಬಡಿತ 66. ಆವತ್ತಿನ ಚಿತ್ರವನ್ನು ಈಗಲೂ ಪಾಠಕ್ಕೆ ತೋರಿಸುತ್ತೇನೆ, ಅಷ್ಟು ಸ್ಪಷ್ಟ. ಉಸಿರು ಹಿಡಿಯಲು ಹೇಳುವ ಮಷೀನಿನ ದನಿ ಮೊದಲು ಇಂಗ್ಲಿಷಿನಲ್ಲಿತ್ತು. ನಮ್ಮ ಟೆಕ್ನಿಷಿಯನ್ ಕನ್ನಡದಲ್ಲೂ ತುಳುವಿನಲ್ಲೂ ತಮ್ಮ ದನಿಯನ್ನೇ ರೆಕಾರ್ಡ್ ಮಾಡಿಟ್ಟಿದ್ದಾರೆ.

ಮಧ್ಯಾಹ್ನ ಪಿಜಿಗಳ (ಎಂಡಿ ಓದುತ್ತಿರುವ ಡಾಕ್ಟರುಗಳ) ಜೊತೆ ಸ್ಕ್ಯಾನ್ ಓದು. ಅಲ್ಲಿ ಒಂದು ನಿಯಮವಿದೆ. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ನಾನು ಕೊನೆಗೆ. ಈ ನಿಯಮ ಬಂದಿದ್ದು ನನ್ನದೇ ತಪ್ಪಿನಿಂದ. ಹನ್ನೊಂದು ವರ್ಷದ ಹಿಂದೆ ಲಾರಿ ಡ್ರೈವರ್ ಒಬ್ಬರ ಸಿಟಿ ಓದಿದ್ದೆ. ಮೂರೂ ರಕ್ತನಾಳ ನೋಡಿ, ದೊಡ್ಡ ತೊಂದರೆ ಇಲ್ಲ ಅಂತ ಬರೆದು ಸಹಿ ಹಾಕಿದ್ದೆ. ಸಂಜೆ ಮೊದಲ ವರ್ಷದ ಪಿಜಿ ಹುಡುಗಿ ಅದೇ ಸ್ಕ್ಯಾನನ್ನು ಇಡೀ ಎದೆ ಕಾಣುವಷ್ಟು ಅಗಲಕ್ಕೆ ತೆರೆದು ಕಲಿಯುತ್ತಾ ಕೂತಿದ್ದಳು. 'ಮೇಡಂ, ಇದು ರಕ್ತನಾಳವಾ?' ಅಂತ ಕೇಳಿದಳು. ಬಲ ಶ್ವಾಸಕೋಶದ ಅಂಚಿನಲ್ಲಿ ಒಂದೂವರೆ ಸೆಂಟಿಮೀಟರಿನ ಗಂಟು. ನಾನು ಹೃದಯ ಮಾತ್ರ ನೋಡಿದ್ದೆ. ರಾತ್ರಿಯೇ ಫೋನ್ ಮಾಡಿ ಅವರನ್ನು ಕರೆಸಿದೆವು. ಅದು ಕ್ಯಾನ್ಸರ್, ಆದರೆ ಇನ್ನೂ ಶುರುವಿನಲ್ಲಿತ್ತು. ಆಪರೇಷನ್ ಆಯಿತು. ಅವರು ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾರೆ. ಖಾಸಗಿ ಸೆಂಟರಿನಿಂದ ಹೆಚ್ಚು ಸಂಬಳದ ಕರೆ ಬಂದಾಗಲೆಲ್ಲ ನನಗೆ ಆ ಹುಡುಗಿಯ ಪ್ರಶ್ನೆ ನೆನಪಾಗುತ್ತದೆ. ಒಬ್ಬಳೇ ಕೂತು ಓದಲು ನನಗೆ ಇಷ್ಟವಿಲ್ಲ.

ಇನ್ನು ಕಂಪ್ಯೂಟರ್. ಅದು ಈಗಾಗಲೇ ನಮ್ಮ ಕೋಣೆಗೆ ಬಂದಿದೆ. ಹೃದಯದ ಕೋಣೆಗಳ ಅಳತೆ ಹಾಕುತ್ತದೆ, ರಕ್ತನಾಳದ ಗೋಡೆಯಲ್ಲಿ ಸೇರಿದ ಕ್ಯಾಲ್ಸಿಯಂ ಲೆಕ್ಕ ಮಾಡುತ್ತದೆ. ನನಗೆ ಅದು ಬೇಕು, ಇನ್ನೊಂದು ಜೊತೆ ಕಣ್ಣು ಇದ್ದ ಹಾಗೆ. ಆದರೆ ಬುಧವಾರದ ಮೀಟಿಂಗಿನಲ್ಲಿ ಸರ್ಜನ್ ಕೇಳುವ ಪ್ರಶ್ನೆ ಬೇರೆ: 'ಬೈಪಾಸ್ ಮಾಡಿದರೆ ಈ ಸ್ನಾಯು ಮತ್ತೆ ಕೆಲಸ ಮಾಡುತ್ತಾ?' ಎಂಆರ್‌ಐನಲ್ಲಿ ಗ್ಯಾಡೊಲಿನಿಯಂ ಔಷಧಿ ಕೊಟ್ಟು ಸುಮಾರು ಹತ್ತು ನಿಮಿಷ ಕಾದರೆ ಸತ್ತ ಸ್ನಾಯು ಬೆಳ್ಳಗೆ ಕಾಣುತ್ತದೆ. ಆ ಬಿಳಿ, ಗೋಡೆಯ ದಪ್ಪದ ಅರ್ಧ ದಾಟಿದ್ದರೆ ಚೇತರಿಕೆ ಕಷ್ಟ. ಅದನ್ನು ರೋಗಿಯ ವಯಸ್ಸು, ಕಿಡ್ನಿ, ಮನೆಯ ಸ್ಥಿತಿ ಎಲ್ಲದರ ಜೊತೆ ಇಟ್ಟು ಮಾತಾಡಬೇಕು.

ಥೀಸಿಸ್ ಮಾಡಿಸುವುದೂ ನಮ್ಮ ಕೆಲಸವೇ. ಈ ವರ್ಷ ಒಬ್ಬರದು ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇರುವ ಮಕ್ಕಳ ಮೇಲೆ. ಪದೇ ಪದೇ ರಕ್ತ ಹಾಕಿಸಿಕೊಂಡು ಹೃದಯದಲ್ಲಿ ಕಬ್ಬಿಣ ಸೇರಿದೆಯಾ ಅಂತ ಸೂಜಿ ಚುಚ್ಚದೆ ಎಂಆರ್‌ಐನಲ್ಲೇ ಅಳೆಯಬಹುದು. ನಿಮಗೆ ಮುಂದೆ ಮೂರು ವರ್ಷ ಎಂಡಿ, ಆಮೇಲೆ ಫೆಲೋಶಿಪ್ ಇದೆ. ದೊಡ್ಡಪ್ಪನವರನ್ನು ಒಂದು ದಿನ ನಿಮ್ಮ ಕಾಲೇಜಿನ ಸಿಟಿ ಕೋಣೆಯ ಹೊರಗೆ ಕೂರಿಸಿ.

ಪ್ರಶ್ನೆ: ನನಗೆ 29. ಹಾಸನದ ಸುದ್ದಿ ನೋಡಿದಾಗಿನಿಂದ ಭಯ. ಯಾವ ತೊಂದರೆಯೂ ಇಲ್ಲ. ನೇರವಾಗಿ ಸಿಟಿ ಆಂಜಿಯೋ ಮಾಡಿಸಿಬಿಡಲಾ?
— ಅರಸೀಕೆರೆಯ ಓದುಗ

ಉತ್ತರ: ಬೇಡ. ನಿಮ್ಮ ಭಯ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಲೂ, 2025ರಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗಲೂ ಜನ ಹೃದಯ ತಪಾಸಣೆಗೆ ಸಾಲು ನಿಂತರು. ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಸಿಗರೇಟು, ಗುಟ್ಕಾ ಇದ್ದರೆ ಇವತ್ತೇ ಬಿಡಿ. ಇಂಜೆಕ್ಷನ್ ಇಲ್ಲದ ಕ್ಯಾಲ್ಸಿಯಂ ಸ್ಕೋರ್ ಸ್ಕ್ಯಾನ್ ಇದೆಯಲ್ಲಾ ಅಂತ ಕೆಲವರು ಕೇಳುತ್ತಾರೆ. ನಿಮ್ಮ ವಯಸ್ಸಿಗೆ ಅದರಲ್ಲಿ ಸೊನ್ನೆ ಬಂದರೂ ಧೈರ್ಯ ಹೇಳಲು ಸಾಲದು. ಚಿಕ್ಕವರಲ್ಲಿ ಕಟ್ಟಿದ ಕೊಬ್ಬು ಇನ್ನೂ ಗಟ್ಟಿಯಾಗಿ ಸುಣ್ಣ ಹಿಡಿದಿರುವುದಿಲ್ಲ. ಅಪ್ಪ ಅಥವಾ ಅಣ್ಣನಿಗೆ 55ಕ್ಕೆ ಮೊದಲು, ಅಮ್ಮ ಅಥವಾ ಅಕ್ಕನಿಗೆ 65ಕ್ಕೆ ಮೊದಲು ಹಾರ್ಟ್ ಅಟ್ಯಾಕ್ ಆಗಿದ್ದರೆ, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾದರೆ ಡಾಕ್ಟರನ್ನು ಕಾಣಿ. ಎದೆನೋವು ಶುರುವಾಗಿ ಬಿಡದೇ ಇದ್ದರೆ ಸ್ಕ್ಯಾನ್ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ.

ಪ್ರಶ್ನೆ: ನಮ್ಮ ಮಾವನವರಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಶುಗರ್ ಇದೆ. ಈಗ ಸಿಟಿ ಆಂಜಿಯೋ ಬರೆದುಕೊಟ್ಟಿದ್ದಾರೆ. ಇಂಜೆಕ್ಷನ್ ಕೊಟ್ಟರೆ ಮೈಯೆಲ್ಲ ಉರಿಯುತ್ತಂತೆ, ಹೌದಾ?
— ಸೊಸೆ, ಹೊನ್ನಾವರ

ಉತ್ತರ: ಉರಿಯಲ್ಲ, ಬಿಸಿ. ಗಂಟಲಿನಿಂದ ಕೆಳಗೆ ಇಳಿದು, ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ ಅಂತ ಅವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಗಾಬರಿಯಾಗುತ್ತಾರೆ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ತನ್ನಿ. ಶುಗರಿನ ಮಾತ್ರೆ ಯಾವುದು, ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಅಲರ್ಜಿ ಆಗಿತ್ತಾ ಅಂತ ಹೇಳಿ. ಆವತ್ತು ಕಾಫಿ, ಟೀ ಬೇಡ, ಬಡಿತ ಏರುತ್ತದೆ. ಇನ್ನೊಂದು, ಸ್ಟೆಂಟ್ ಹಾಕಿದಾಗ ಒಂದು ಚಿಕ್ಕ ಕಾರ್ಡ್ ಕೊಟ್ಟಿರುತ್ತಾರೆ. ಮೂರು ಮಿಲಿಮೀಟರಿಗಿಂತ ಸಣ್ಣ ಸ್ಟೆಂಟಿನ ಒಳಗೆ ಸಿಟಿಯಲ್ಲಿ ಸರಿಯಾಗಿ ಕಾಣುವುದು ಕಷ್ಟ. ಅಳತೆ ಆ ಕಾರ್ಡಿನಲ್ಲಿದೆ. ಅದನ್ನು ಹುಡುಕಿ, ಸ್ಕ್ಯಾನಿಗೆ ಮೊದಲೇ ಡಾಕ್ಟರಿಗೆ ತೋರಿಸಿ.