ಅಡಿಕೆ ಮೂಟೆಯ ಮೇಲಿನ ‘ಬೀಟಲ್’ ಯಾವುದು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ. ಹೊರರಾಜ್ಯಕ್ಕೆ ಕಳುಹಿಸುವ ಮೂಟೆಗಳಿಗೆಂದು ಇಂಗ್ಲಿಷಿನಲ್ಲಿ ‘ಬೀಟಲ್ ನಟ್’ ಎಂದು ಚೀಟಿ ಅಚ್ಚು ಹಾಕಿಸಿದೆವು. ಅದನ್ನು ನೋಡಿದ ಮಗಳು, ಇದು ಹುಳುವಿನ ಹೆಸರಿನ ಸ್ಪೆಲಿಂಗ್ ಎಂದು ನಕ್ಕಳು. ಈ ಎರಡು ಪದಗಳಿಗೆ ಏನಾದರೂ ಸಂಬಂಧವಿದೆಯೇ? ‘ಬೀಟಲ್’ ಎಂದರೆ ವೀಳ್ಯದೆಲೆ ಎಂದು ಮಗಳು ಹೇಳುತ್ತಾಳೆ. ನಮ್ಮ ಬೆಟ್ಟೆ ಅಡಿಕೆಯ ಹೆಸರೇ ಇಂಗ್ಲಿಷಿಗೆ ಹೋಗಿದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಯಾರು ಹೇಳುವುದು ಸರಿ?
— ಓದುಗರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಅಚ್ಚಿನವರನ್ನು ತೀರ ದೂರುವಂತೆಯೂ ಇಲ್ಲ, ಏಕೆಂದರೆ ಇಂಗ್ಲಿಷ್ ನಿಘಂಟುಗಳು ಈ ಎರಡು ಪದಗಳಿಗೂ ಒಂದೇ ಉಚ್ಚಾರಣೆಯನ್ನು ಕೊಡುತ್ತವೆ. ಎಲೆಯ ಹೆಸರನ್ನು ಬಿ, ಇ, ಟಿ, ಇ, ಎಲ್ ಎಂದೂ ಹುಳುವಿನ ಹೆಸರನ್ನು ಬಿ, ಇ, ಇ, ಟಿ, ಎಲ್, ಇ ಎಂದೂ ಬರೆಯಬೇಕು. ಕಿವಿಗೆ ಕೇಳಿಸದ ಈ ವ್ಯತ್ಯಾಸ ಬರವಣಿಗೆಯಲ್ಲಿ ಮಾತ್ರ ಕಾಣುತ್ತದೆ. ಹುಟ್ಟಿನಲ್ಲಿ ಇವೆರಡಕ್ಕೂ ಯಾವ ನಂಟೂ ಇಲ್ಲ. ಆದರೂ ಕನ್ನಡಿಗರಿಗೆ ಎರಡೂ ಪದಗಳು ಪೂರ್ತಿ ಪರಕೀಯವಲ್ಲ: ಒಂದು ದ್ರಾವಿಡ ಭಾಷೆಗಳ ಕಡೆಯಿಂದ ನಮಗೆ ಬಂಧು, ಇನ್ನೊಂದು ಸಂಸ್ಕೃತದ ಕಡೆಯಿಂದ.

ಮೊದಲು ಎಲೆಯ ಮಾತು. ಮಲಯಾಳದಲ್ಲಿ ವೀಳ್ಯದೆಲೆಗೆ ‘ವೆಱ್ಱಿಲ’ ಎನ್ನುತ್ತಾರೆ. ಬರೆಯುವಾಗ ಹಳೆಯ ಱಕಾರದ ಒತ್ತು ಇದ್ದರೂ ನುಡಿಯುವಾಗ ಅದು ಟ್ಟ ಮತ್ತು ತ್ತಗಳ ನಡುವಿನ ಸದ್ದಾಗುತ್ತದೆ. ‘ವೆಱು’ ಮತ್ತು ‘ಇಲ’ ಎಂಬ ಎರಡು ಪದಗಳು ಸೇರಿ ಇದು ಆಗಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ‘ಇಲ’ ನಮ್ಮ ‘ಎಲೆ’ಯೇ, ‘ವೆಱು’ ಎಂಬುದು ಕನ್ನಡದ ‘ಬರಿ’ಯ ಬಳಗಕ್ಕೆ ಸೇರಿದ್ದು. ತಮಿಳು, ಮಲಯಾಳಗಳಲ್ಲಿ ಪದದ ಮೊದಲಿಗೆ ಬರುವ ವಕಾರ ಕನ್ನಡದಲ್ಲಿ ಬಕಾರವಾಗುವುದು ‘ವೇರ್’ ಮತ್ತು ‘ಬೇರು’, ‘ವಿಲ್’ ಮತ್ತು ‘ಬಿಲ್ಲು’ ಮುಂತಾದ ಎಷ್ಟೋ ಜೋಡಿಗಳಲ್ಲಿ ಕಾಣುವ ಸಂಗತಿ. ಹಾಗೆ ನೋಡಿದರೆ ಆ ಹೆಸರಿನ ಅರ್ಥ ‘ಬರಿ ಎಲೆ’ ಎಂದಾಗುತ್ತದೆ. ಹೂವು, ಹಣ್ಣುಗಳಿಗಾಗಿ ಯಾರೂ ಬೆಳೆಯದೆ ಎಲೆಗಾಗಿಯೇ ಬೆಳೆಯುವ ಬಳ್ಳಿಗೆ ಈ ಹೆಸರು ಒಪ್ಪುವಂಥದ್ದೇ.

ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದ ಮೇಲೆ ಪೋರ್ಚುಗೀಸರು ಈ ಎಲೆಯನ್ನು ಹತ್ತಿರದಿಂದ ನೋಡಿದ್ದು ಮಲಬಾರಿನಲ್ಲಿ. ಅವರ ಬಾಯಲ್ಲಿ ‘ವೆಱ್ಱಿಲ’ ಎಂಬುದು ‘ಬೆತ್ರೆ’, ‘ಬೆತೆಲ್’ ಎಂದೆಲ್ಲ ಆಯಿತು. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ, ತಮ್ಮವರಿಗೆ ಮೊದಲು ಪರಿಚಯವಾದ ನೆಲ ಮಲಬಾರ್ ಆದುದರಿಂದಲೇ ಈ ಮಲಬಾರಿನ ಹೆಸರು ತಮ್ಮಲ್ಲಿ ನಿಂತಿತು ಎಂದು ತಾನಾಗಿ ವಿವರಿಸಿದ್ದಾನೆ. ಪದದ ಹಾದಿಯನ್ನು ಅದನ್ನು ಆಡುತ್ತಿದ್ದ ಕಾಲದವನೊಬ್ಬನೇ ಹೀಗೆ ಬರೆದಿಡುವುದು ಅಪರೂಪ; ಪದಗಳ ಮೂಲ ಹುಡುಕುವವರಿಗೆ ಇಂಥ ಸಾಕ್ಷಿ ದಿನವೂ ಸಿಗುವುದಿಲ್ಲ. ಪೋರ್ಚುಗೀಸಿನಿಂದ ಪದವು ಅದೇ 16ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು.

ನಿಮ್ಮ ಚಿಕ್ಕಪ್ಪನವರ ಊಹೆ ಬುದ್ಧಿವಂತಿಕೆಯದ್ದಾದರೂ ನಿಲ್ಲುವುದಿಲ್ಲ. ಬೆಟ್ಟೆ ಎಂಬುದು ರಾಶಿ, ಸರಕು, ಗೊರಬಲುಗಳಂತೆ ನಮ್ಮ ಮಂಡಿಯಲ್ಲಿ ಓಡಾಡುವ ಒಂದು ತರಗತಿಯ ಹೆಸರು. ಬಲಿತ ಕಾಯಿಯನ್ನು ಹೋಳು ಮಾಡಿ, ಬೇಯಿಸಿ ಒಣಗಿಸಿದ ಅಡಿಕೆ ಅದು. ಆ ಹೆಸರೇ ಇಂಗ್ಲಿಷಿಗೆ ಹೋಗಿದ್ದರೆ ಯುರೋಪಿನವರ ಮೊದಮೊದಲ ಬರಹಗಳಲ್ಲಿ ‘ಬೆತೆಲ್’ ಎಂದರೆ ಅಡಿಕೆ ಎಂದಿರಬೇಕಾಗಿತ್ತು. ಅಲ್ಲಿ ಅದು ಎಲೆ ಅಥವಾ ಬಳ್ಳಿ. ಅಡಿಕೆಗೆ ಬೇರೆಯದೇ ಹೆಸರಿದೆ. ಆ ಹೆಸರು ‘ಅರೆಕಾ’. ಚಿಕ್ಕಪ್ಪನವರಿಗೆ ಸಮಾಧಾನವಾಗುವುದು ಇಲ್ಲಿಯೇ, ಏಕೆಂದರೆ ‘ಅರೆಕಾ’ ಮಲಯಾಳದ ‘ಅಡಕ್ಕ’ದಿಂದ ಹೋದದ್ದು ಮತ್ತು ಆ ‘ಅಡಕ್ಕ’ ನಮ್ಮ ‘ಅಡಿಕೆ’ಯ ಒಡಹುಟ್ಟು. ಎರಡು ಸ್ವರಗಳ ನಡುವಿನ ನಮ್ಮ ಡಕಾರವನ್ನು ಪೋರ್ಚುಗೀಸರು ರಕಾರವಾಗಿ ಕೇಳಿಸಿಕೊಂಡರು. ನಾಲಿಗೆಯನ್ನು ಮಡಚಿ ‘ಅಡಕೆ’ ಎಂದು ಬೇಗ ಬೇಗ ಹೇಳಿ ನೋಡಿದರೆ ಅವರ ಕಿವಿಯನ್ನು ತಪ್ಪೆನ್ನಲು ಮನಸ್ಸು ಬರುವುದಿಲ್ಲ.

ಹಾಗಿದ್ದರೆ ಎಲೆಯ ಹೆಸರು ಅಡಿಕೆಗೆ ಅಂಟಿಕೊಂಡದ್ದು ಹೇಗೆ? ಮೆಲ್ಲುವವರು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡ ಇಂಗ್ಲಿಷರು ‘ಬೀಟಲ್ ಎಲೆಯೊಡನೆ ಮೆಲ್ಲುವ ಕಾಯಿ’ ಎಂಬ ಅರ್ಥದಲ್ಲಿ ‘ಬೀಟಲ್ ನಟ್’ ಎಂದರು. ಸಸ್ಯಶಾಸ್ತ್ರದ ದೃಷ್ಟಿಯಿಂದ ಇದು ಅಡ್ಡಾದಿಡ್ಡಿ ಹೆಸರು. ಅಡಿಕೆ ತಾಳೆಯ ಕುಟುಂಬದ ಮರವಾದರೆ ವೀಳ್ಯದೆಲೆ ಕಾಳುಮೆಣಸಿನ ಜಾತಿಗೇ ಸೇರಿದ ಬಳ್ಳಿ. ನಮ್ಮ ತೋಟಗಳಲ್ಲಿ ಎಲೆಬಳ್ಳಿಯೂ ಮೆಣಸಿನ ಬಳ್ಳಿಯೂ ಅಡಿಕೆ ಮರವನ್ನೇ ಹಬ್ಬಿ ಬೆಳೆಯುತ್ತವೆ, ಆದರೆ ಅಡಿಕೆಯನ್ನು ಎಲೆಯೆಂದಾಗಲಿ ಎಲೆಯನ್ನು ಅಡಿಕೆಯೆಂದಾಗಲಿ ಕರೆದವರು ಮಲೆನಾಡಿನಲ್ಲಿ ಯಾರೂ ಇಲ್ಲ.

ಈ ಗೊಂದಲ ಬರಿಯ ಪಂಡಿತರ ತಕರಾರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆ ವರದಿಯಲ್ಲಿ ಅಡಿಕೆಗೆ ‘ಅರೆಕಾ ನಟ್’ ಎಂದೂ, ಎಲೆ, ಅಡಿಕೆ, ಸುಣ್ಣ ಸೇರಿಸಿ ಮೆಲ್ಲುವ, ನಾವು ಕವಳ ಎನ್ನುವುದಕ್ಕೆ ‘ಬೀಟಲ್ ಕ್ವಿಡ್’ ಎಂದೂ ಬೇರೆ ಬೇರೆ ಪದಗಳಿವೆ. ಇದರ ಸುದ್ದಿಯನ್ನು ಕನ್ನಡಕ್ಕೆ ತರುವವರು ‘ಬೀಟಲ್’ ಕಂಡಲ್ಲೆಲ್ಲ ಅಡಿಕೆ ಎಂದೋ ವೀಳ್ಯದೆಲೆ ಎಂದೋ ಬರೆದುಬಿಟ್ಟರೆ ಒಂದರ ಮೇಲಿನ ಆರೋಪ ಇನ್ನೊಂದರ ತಲೆಗೆ ಬರುತ್ತದೆ. ಅಡಿಕೆಯ ಪರವಾಗಿ ವಾದಿಸುವವರಿಗೂ ವಿರೋಧವಾಗಿ ವಾದಿಸುವವರಿಗೂ ಮೊದಲು ಬೇಕಾದದ್ದು ಈ ಪದಗಳ ಸ್ಪಷ್ಟತೆ ಎಂದು ನನಗೆ ಅನಿಸುತ್ತದೆ.

ಇನ್ನು ಹುಳುವಿನ ಬೀಟಲ್. ಇದು ಎಲ್ಲಿಂದಲೂ ಎರವಲು ಬಂದ ಪದವಲ್ಲ, ಅಪ್ಪಟ ಇಂಗ್ಲಿಷಿನದು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಬಿತುಲ’ ಅಥವಾ ‘ಬಿತೆಲ’. ಕಚ್ಚು ಎಂಬ ಅರ್ಥದ ‘ಬೀತನ್’ ಎಂಬ ಕ್ರಿಯಾಪದದಿಂದ ಬಂದ ಇದರ ಅರ್ಥ ‘ಕಚ್ಚುವಂಥದ್ದು’. ಇಂದಿನ ‘ಬೈಟ್’ ಕೂಡ ಅದೇ ಕ್ರಿಯಾಪದದ ರೂಪ. ನಾಲಿಗೆಯನ್ನು ಕಚ್ಚುವ ಕಹಿಗೆ ಇರುವ ‘ಬಿಟರ್’ ಎಂಬ ಪದವೂ ಆ ಮನೆಯದೇ. ಇನ್ನೂ ಹಿಂದಕ್ಕೆ ಹೋದರೆ ಇವೆಲ್ಲದರ ಮೂಲ, ಸೀಳು ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವೊಂದರಲ್ಲಿದೆ. ಆ ಧಾತುವೇ ಸಂಸ್ಕೃತದಲ್ಲಿ ‘ಭಿದ್’ ಆಗಿ ನಿಂತಿದೆ. ನಾವು ದಿನವೂ ಬಳಸುವ ಭೇದ, ಭಿನ್ನ, ಭೇದಿಸು ಎಂಬ ಪದಗಳು ಬಂದದ್ದು ಅದರಿಂದ. ಚೀಟಿಯ ಮೇಲೆ ತಪ್ಪಾಗಿ ಬಂದು ಕುಳಿತ ಹುಳು ಹೀಗೆ ‘ಭೇದ’ಕ್ಕೆ ದೂರದ ದಾಯಾದಿ.

ಕಚ್ಚುವ ಹುಳು ಎಂಬ ಹೆಸರು ಎಷ್ಟು ತಕ್ಕದ್ದೆಂದು ತಿಳಿಯಲು ನಿಮ್ಮ ತೋಟಕ್ಕಿಂತ ಬೇರೆ ಕಡೆ ಹೋಗಬೇಕಿಲ್ಲ. ಅಡಿಕೆಯ ಬೇರುಹುಳ ನಿಮಗೆ ಗೊತ್ತೇ ಇರುತ್ತದೆ. ಬುಡ ಅಗೆದಾಗ ಮೈಯನ್ನು ಕೊಂಡಿಯಂತೆ ಬಾಗಿಸಿಕೊಂಡು ಸಿಗುವ, ಕಂದು ತಲೆಯ ಬಿಳಿಯ ದಪ್ಪ ಹುಳು ಒಂದು ಬೀಟಲ್‌ನ ಮರಿ. ಅದರ ಬಲವೆಲ್ಲ ದವಡೆಯಲ್ಲಿದೆ. ಎಳೆಯ ಬೇರುಗಳನ್ನು ಕತ್ತರಿಸಿ ತಿಂದು ಅದು ಗರಿಗಳನ್ನು ಹಳದಿಗೆ ತಿರುಗಿಸುತ್ತದೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ಮೇಲೆ ಮುಸ್ಸಂಜೆಯಲ್ಲಿ ಮಣ್ಣಿನಿಂದ ಮೇಲೆದ್ದು ಹಾರುವ ಕಂದು ಬಣ್ಣದ ದುಂಬಿಗಳೇ ಅದರ ಬೆಳೆದ ರೂಪ. ಕಾಫಿ ಗಿಡದ ಬಿಳಿ ಕಾಂಡಕೊರಕವೂ ಬೀಟಲ್ ವರ್ಗದ್ದೇ. ಕೊರೆಯುವುದನ್ನೇ ನೋಡಿ ‘ಕೊರಕ’ ಎಂದ ನಮ್ಮವರೂ ಕಚ್ಚುವುದನ್ನು ನೋಡಿ ‘ಬಿತುಲ’ ಎಂದ ಹಳೆಯ ಇಂಗ್ಲಿಷರೂ ಹೆಸರಿಡುವಾಗ ಒಂದೇ ದಾರಿ ಹಿಡಿದಿದ್ದಾರೆ. ಬೀಟಲ್‌ಗೆ ಕನ್ನಡದಲ್ಲಿ ಒಂದೇ ಖಚಿತ ಪದ ನೆಲೆಗೊಂಡಿಲ್ಲ: ಕೃಷಿ ಬರಹಗಳಲ್ಲಿ ದುಂಬಿ ಎನ್ನುತ್ತಾರೆ, ಆದರೆ ಕಾವ್ಯದ ದುಂಬಿ ಹೂವಿನ ಮೇಲೆ ಝೇಂಕರಿಸುವಂಥದ್ದು, ಜೀರುಂಡೆ ಎಂದರೆ ಮಲೆನಾಡಿನವರ ಮನಸ್ಸಿಗೆ ಮರದಲ್ಲಿ ಕುಳಿತು ಕಿರುಗುಟ್ಟುವ ಹುಳು ಬರುತ್ತದೆ.

ಇಂಗ್ಲಿಷಿನಲ್ಲಿ ಹುಳುವಿನ ಸ್ಪೆಲಿಂಗನ್ನೇ ಹೊತ್ತ ಮತ್ತೊಂದು ‘ಬೀಟಲ್’ ಇದೆ. ಅದರ ಅರ್ಥ ಮರದ ಕೊಡತಿ, ಮೂಲ ಹೊಡೆ ಎಂಬ ಅರ್ಥದ ‘ಬೀಟ್’. ಅದಕ್ಕೂ ಹುಳುವಿಗೂ ಸಂಬಂಧವಿಲ್ಲ.

ಚೀಟಿಯ ವಿಷಯಕ್ಕೆ ಬಂದರೆ, ‘ಬೀಟಲ್ ನಟ್’ ಎಂಬುದನ್ನು ಸ್ಪೆಲಿಂಗ್ ತಿದ್ದಿ ಉಳಿಸಿಕೊಂಡರೂ ತಪ್ಪಾಗದು. ಆದರೆ ‘ಅರೆಕಾ ನಟ್’ ಎಂದು ಹಾಕಿಸುವುದೇ ಮೇಲು: ವೈಜ್ಞಾನಿಕ ಬರಹಗಳು ಒಪ್ಪಿದ್ದೂ ಅದನ್ನೇ. ಸಸ್ಯಶಾಸ್ತ್ರೀಯ ಹೆಸರನ್ನೂ ಸೇರಿಸುವುದಾದರೆ ‘ಅರೆಕಾ ಕಟೆಚು’ ಎಂದು ಹಾಕಿಸಿ. ಇದರ ಎರಡನೆಯ ಭಾಗ ನಮ್ಮ ಕಾಚಿನ ಹೆಸರು. ಕಾಚು ಮುಖ್ಯವಾಗಿ ಬರುವುದು ಕಗ್ಗಲಿ ಮರದಿಂದ, ಆದರೂ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅದನ್ನು ಅಡಿಕೆ ಮರಕ್ಕೆ ಕಟ್ಟಿದ. ಅಡಿಕೆ ಬೇಯಿಸಿದಾಗ ಉಳಿಯುವ, ಕಾಚಿನಂತೆಯೇ ಕಾಣುವ ಚೊಗರನ್ನು ಕಂಡ ನಮಗೆ ಅದು ತೀರ ವಿಚಿತ್ರ ಎನ್ನಿಸಲಾರದು. ಮುಂದೆಂದಾದರೂ ವೀಳ್ಯದೆಲೆಯನ್ನೂ ಕಳುಹಿಸುವಿರಾದರೆ ಅದಕ್ಕೆ ಲಿನೇಯಸ್ ಅದೇ ವರ್ಷ ಕೊಟ್ಟ ‘ಪೈಪರ್ ಬೆಟ್ಲೆ’ ಎಂಬ ಹೆಸರಿನ ಎರಡನೆಯ ಭಾಗದಲ್ಲಿ ಅಕ್ಷರಗಳ ಕ್ರಮ ಬಿ, ಇ, ಟಿ, ಎಲ್, ಇ ಎಂದಿದೆ. ಇದು ಹುಳುವಿನದೂ ಅಲ್ಲ, ಎಲೆಯ ಇಂಗ್ಲಿಷ್ ಹೆಸರಿನದೂ ಅಲ್ಲ. ಕಂಪ್ಯೂಟರ್ ಅದರ ಕೆಳಗೆ ಕೆಂಪು ಗೆರೆ ಎಳೆದರೂ ತಿದ್ದಲು ಬಿಡಬೇಡಿ.